ಆರೈಕೆಗೆ ಬಂದ ನೆಲ

ಮರಕೇಯ್ ದ್ವೀಪದಲ್ಲಿ ತೆಬೋರಳ ಹತ್ತಿರ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಬೇರೆ ಕಡೆಯವರಿಗೆ ಇದು ನೆಮ್ಮದಿಯ ಬದುಕು ಅನಿಸಬಹುದು, ನಮ್ಮಲ್ಲಿ ಅವಮಾನ. ಮನೆಗೆ ಬಂದ ನೆಂಟ ಎಳನೀರು ಕುಡಿದು, ಹೊಗೆಸೊಪ್ಪು ಸುತ್ತಿ ಸೇದಿ, ಮೀನಿನ ಮಾತು ಗಾಳಿಯ ಮಾತು ಎಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು ‘ಒಂದು ಬುಬುಸಿ ಇತ್ತು’ ಅಂದನೋ, ಮುಗಿಯಿತು. ಅವನು ಕೇಳಿದ್ದು ಗಾಳವಾಗಲಿ, ಲಾಟೀನಾಗಲಿ, ಹೊಸ ಸೈಕಲ್ಲಾಗಲಿ, ಕೊಡಬೇಕು. ಇಲ್ಲ ಎಂದವನ ಹೆಸರು ಸಂಜೆಯೊಳಗೆ ದ್ವೀಪ ಸುತ್ತಿ ಬರುತ್ತದೆ. ಕೊಟ್ಟವನು ಒಳಗೊಳಗೇ ಹಲ್ಲು ಕಡಿಯುತ್ತಾನೆ, ಆದರೂ ಕೊಡುತ್ತಾನೆ, ಯಾಕೆಂದರೆ ಮುಂದಿನ ವಾರ ಅವನೂ ಯಾರದೋ ಮನೆಯ ಕಟ್ಟೆ ಹತ್ತಿ ಗಂಟಲು ಸರಿಮಾಡಿಕೊಳ್ಳುವವನೇ. ಕೇಳುವುದು ಮಾತ್ರ ಇದ್ದವರನ್ನು. ತನ್ನದು ಅಂತ ಏನೂ ಇಲ್ಲದವರನ್ನು ಯಾರು ಕೇಳುತ್ತಾರೆ?

ತೆಬೋರ ಹುಟ್ಟಿದ್ದು ದಕ್ಷಿಣದ ತಮಾನ ದ್ವೀಪದಲ್ಲಿ. ಅವಳ ಗಂಡ ರೂಕ ಮರಕೇಯ್ ದ್ವೀಪದವನು. ರಾಜಧಾನಿ ತರಾವದ ಕೊಬ್ಬರಿ ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದಾಗ ಅವಳನ್ನು ಕಂಡು, ಮೆಚ್ಚಿ, ಮದುವೆಯಾಗಿ ಊರಿಗೆ ಕರೆತಂದ. ಕೆಲವು ವರ್ಷ ಕಳೆದ ಮೇಲೆ ಹಾರುಮೀನು ಹಿಡಿಯಲು ಹೋದವನು ವಾಪಸು ಬರಲಿಲ್ಲ. ಮಕ್ಕಳಿರಲಿಲ್ಲ. ಮಕ್ಕಳಿಲ್ಲದವನ ನೆಲ ಒಡಹುಟ್ಟಿದವರಿಗೆ ಹಿಂದಿರುಗಬೇಕು ಎನ್ನುವುದು ನಮ್ಮ ಕಾನೂನು, ಬಿಳಿಯರು ಅದನ್ನು ಪುಸ್ತಕದಲ್ಲಿ ಬರೆಯುವ ಮುಂಚೆಯೂ ಹಾಗೇ ಇತ್ತು. ರೂಕನ ನೆಲವೆಲ್ಲ ಅವನ ಅಕ್ಕನಿಗೆ ಹೋಯಿತು. ಆ ನಾದಿನಿ ಬಾಯಿ ಜೋರಾದರೂ ಮನಸ್ಸು ಒಳ್ಳೆಯದು. ದ್ವೀಪದ ನಡುವಿನ ಒಳಕಡಲಿನ ದಡದಲ್ಲಿ ತನ್ನ ನೆಲದ ಒಂದು ಮೂಲೆ ತೋರಿಸಿ, ಇರುವಷ್ಟು ದಿನ ಇರು ಅಂದಳು. ತೆಬೋರ ಇದ್ದಳು. ತಮಾನಕ್ಕೆ ಹೋದರೆ ಅಲ್ಲಿ ಅಣ್ಣತಮ್ಮಂದಿರ ಮಕ್ಕಳೇ ನಿಲ್ಲಲು ಜಾಗ ಸಾಲದೆ ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು.

ಚಾಪೆ ಹೆಣೆಯುವುದರಲ್ಲಿ ಅವಳಿಗೆ ಸಮ ಇಡೀ ದ್ವೀಪದಲ್ಲಿ ಇರಲಿಲ್ಲ. ಅವಳ ಚಾಪೆಯ ಮೇಲೆ ಕೂತವರು ಅಂಚು ಸವರಿ ನೋಡುತ್ತಿದ್ದರು, ಹೊಗಳುತ್ತಿದ್ದರು, ಆಮೇಲೆ ಎದ್ದು ಹೋಗಿ ನಾದಿನಿಯ ಹತ್ತಿರ ಬುಬುಸಿ ಇಡುತ್ತಿದ್ದರು. ಕೇದಗೆಯ ಗರಿ ನಾದಿನಿಯ ಮರದ್ದಲ್ಲವೇ, ಚಾಪೆಯೂ ಅವಳದೇ. ನಾದಿನಿ ಹಲ್ಲು ಕಡಿದುಕೊಂಡು ಕೊಡುವಳು. ತೆಬೋರಳಿಗೆ ಹಾಗೆ ಹಲ್ಲು ಕಡಿಯುವ ಭಾಗ್ಯವೂ ಇರಲಿಲ್ಲ. ಬಂದವರು ಅವಳಿಂದ ಕೆಲಸ ಕೇಳುತ್ತಿದ್ದರು: ಸೊಂಟ ಹಿಡಿದಿದೆ, ಎಣ್ಣೆ ಹಚ್ಚಿ ಉಜ್ಜು, ನಾಳೆ ಮದುವೆಗೆ ಹೂಮಾಲೆ ಕಟ್ಟು. ಮಾಡಿಕೊಡುತ್ತಿದ್ದಳು. ಆದರೆ ‘ನಿನ್ನದೊಂದು ಕೊಡು’ ಎಂಬ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. ಆ ಮಾತು ಕೇಳಬೇಕೆಂಬ ಒಂದು ಆಸೆ ಬಿಟ್ಟರೆ ಅವಳಿಗೆ ಬದುಕಿನ ಮೇಲೆ ದೂರೇನೂ ಇರಲಿಲ್ಲ. ಹೊಟ್ಟೆಗೆ ಮೀನಿತ್ತು, ಬಾಯಿಗೆ ಹಾಡಿತ್ತು, ಊರ ಚಾವಡಿಯಲ್ಲಿ ಗಂಡನ ಮನೆಯವರ ಸಾಲಿನ ಕೊನೆಯಲ್ಲಿ ಕೂರಲು ಜಾಗವಿತ್ತು.

ಪಕ್ಕದ ನೆಲದ ಪಟ್ಟಿಯಲ್ಲಿ ನಬುವಾಕ ಎಂಬ ಮುದುಕನಿದ್ದ. ಅವನಿಗೆ ನೆಲ ಬೇಕಾದಷ್ಟಿತ್ತು, ಮಕ್ಕಳಿರಲಿಲ್ಲ, ಮತ್ತು ನಾಲಗೆ ಮೀನಿನ ಮುಳ್ಳು. ಬುಬುಸಿಗೆ ಅವನಷ್ಟು ಹೆದರಿದ ಮನುಷ್ಯನನ್ನು ನಮ್ಮ ದ್ವೀಪ ಕಂಡಿಲ್ಲ. ನೆಂಟರು ಬರುವ ಸುಳಿವು ಸಿಕ್ಕರೆ ಲಾಟೀನನ್ನು ಕೆಸು ಬೆಳೆಯುವ ಹೊಂಡದಲ್ಲಿ ಎಲೆ ಮುಚ್ಚಿ ಇಡುತ್ತಿದ್ದ, ಒಳ್ಳೆಯ ಅಂಗಿ ಬಿಚ್ಚಿ ಹರಕಲು ಹಾಕಿಕೊಳ್ಳುತ್ತಿದ್ದ, ಹಂದಿಯನ್ನು ಕಟ್ಟಿಹಾಕಿ ಅದರ ಬಾಯಿಗೆ ತೆಂಗಿನಕಾಯಿ ಚೂರು ತುರುಕಿ ಸುಮ್ಮನಿರಿಸುತ್ತಿದ್ದ. ಅವನ ಪರವಾಗಿ ಹೇಳಬಹುದಾದ ಮಾತು ಒಂದೇ: ಅವನೂ ಹುಟ್ಟಿದಂದಿನಿಂದ ಯಾರ ಹತ್ತಿರವೂ ಒಂದು ಬೆಂಕಿಕಡ್ಡಿ ಕೇಳಿದವನಲ್ಲ. ಅದನ್ನು ಅವನು ದಿನಕ್ಕೊಮ್ಮೆಯಾದರೂ ಎದೆ ತಟ್ಟಿಕೊಂಡು ಹೇಳುತ್ತಿದ್ದ.

ಒಂದು ಮಳೆಗಾಲದಲ್ಲಿ ಅವನ ಕೆಮ್ಮು ತೆಬೋರಳ ಗುಡಿಸಿಲಿನವರೆಗೂ ಕೇಳಿಸತೊಡಗಿತು. ಬೆಳಿಗ್ಗೆ ನೀರಾ ಇಳಿಸಲು ಮರ ಹತ್ತಿದವನು ಹಾಡದೆ ಇಳಿದು ಬಂದ. ಹಾಡದೆ ನೀರಾ ಇಳಿಸುವವನು ಗಟ್ಟಿಯಾಗಿಲ್ಲ ಎಂದೇ ಅರ್ಥ. ಅವಳು ಮೀನಿನ ಸಾರು ತೆಗೆದುಕೊಂಡು ಹೋದಳು. ಸಾರಿನಲ್ಲಿ ಉಪ್ಪು ಹೆಚ್ಚು ಎಂದು ಬೈದು ಅವನು ಪೂರ್ತಿ ಕುಡಿದ. ಮಾರನೆಯ ದಿನ ಉಪ್ಪು ಕಡಿಮೆ ಎಂದು ಬೈದ. ಆ ಮೇಲೆ ಅವಳು ದಿನಾ ಹೋಗತೊಡಗಿದಳು. ಕಾಲು ಊದಿಕೊಂಡಾಗ ಎಣ್ಣೆ ಹಚ್ಚಿ ಉಜ್ಜಿದಳು, ಬಟ್ಟೆ ಒಗೆದಳು, ಎದ್ದು ಹೊರಗೆ ಹೋಗಲಾರದೆ ಹೋದಾಗ ಅದನ್ನೂ ಮೂಗು ಮುರಿಯದೆ ನೋಡಿಕೊಂಡಳು. ಯಾಕೆ ಎಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಮುದುಕನ ಬೈಗುಳದಲ್ಲಿ ಅವಳಿಗೆ ಏನೋ ಮಜಾ ಸಿಗುತ್ತಿತ್ತು. ರೂಕ ಸತ್ತ ಮೇಲೆ ಅವಳನ್ನು ಅಷ್ಟು ಮನಸಾರೆ ಬೈದವರು ಯಾರೂ ಇರಲಿಲ್ಲ.

ಆದರೆ ನಮ್ಮ ದ್ವೀಪದಲ್ಲಿ ನೆಲವಿರುವ ಮುದುಕನನ್ನು ಹೊರಗಿನವರೊಬ್ಬರು ನೋಡಿಕೊಂಡರೆ ಅದು ಸಾರು ಸಾಗಿಸುವ ಸಂಗತಿಯಾಗಿ ಉಳಿಯುವುದಿಲ್ಲ. ತನ್ನವರು ಕೈಬಿಟ್ಟಾಗ ಕಡೆಗಾಲದಲ್ಲಿ ಆರೈಕೆ ಮಾಡಿದವರಿಗೆ ಒಂದು ಪಟ್ಟಿ ನೆಲ ಕೊಡುವ ಹಕ್ಕು ಮುದುಕರಿಗಿದೆ. ಆರೈಕೆಯ ನೆಲ ಎಂದೇ ಅದಕ್ಕೆ ಹೆಸರು. ಕೊಟ್ಟರೆ ನೆಂಟರಿಗೆ ನಷ್ಟ ಒಂದು ಕಡೆ, ಮುಖ ಎತ್ತಲಾರದ ನಾಚಿಕೆ ಇನ್ನೊಂದು ಕಡೆ. ನಬುವಾಕನ ತಮ್ಮನ ಮಗ ಇಯೊತೆಬ ದ್ವೀಪದ ಆಚೆ ತುದಿಯಲ್ಲಿದ್ದ. ದೊಡ್ಡಪ್ಪನ ಜೊತೆ ಒಂದು ಕೆಸುವಿನ ಹೊಂಡದ ಜಗಳವಾಗಿ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಸುದ್ದಿ ಮುಟ್ಟಿದ ಮರುದಿನವೇ ಅವನ ಹೆಂಡತಿ ಮೀರೆ ಚಾಪೆ, ದಿಂಬು, ಸೊಳ್ಳೆಪರದೆ ಹೊತ್ತುಕೊಂಡು ಮುದುಕನ ಕಟ್ಟೆಯ ಮೇಲೆ ಬಂದು ಕೂತಳು.

ಆ ವಾರ ನಬುವಾಕನಿಗೆ ಸಾಯಲು ಪುರಸೊತ್ತಿರಲಿಲ್ಲ. ಎಡಗಡೆಯಿಂದ ಮೀರೆ ಅನ್ನ ತುರುಕುವಳು, ಬಲಗಡೆಯಿಂದ ತೆಬೋರ ಸಾರು ಹಿಡಿಯುವಳು. ಒಂದು ಕಾಲು ಇವಳು ಉಜ್ಜಿದರೆ ಇನ್ನೊಂದು ಅವಳು. ಮೀರೆ ಕೆಟ್ಟವಳಲ್ಲ, ಕೈ ಮಾತ್ರ ಒರಟು, ಮತ್ತು ಉಜ್ಜುವಾಗ ಕಣ್ಣು ತೆಂಗಿನ ಗೊನೆಗಳ ಮೇಲಿರುತ್ತಿತ್ತು. ಮುದುಕ ಸುಮ್ಮನೆ ಇಬ್ಬರನ್ನೂ ನೋಡುತ್ತಿದ್ದ. ತೆಬೋರ ಹಿಂದೆ ಸರಿಯಬೇಕೆಂದುಕೊಂಡಳು. ನೆಂಟರು ಬಂದರಲ್ಲ, ಇನ್ನು ನನಗೇನು ಕೆಲಸ ಎಂದು ಎದ್ದೂಬಿಟ್ಟಳು. ನಬುವಾಕ ಅವಳ ಬಟ್ಟೆಯ ಚುಂಗು ಹಿಡಿದು ಕೂರಿಸಿ, ಬಲಗಾಲು ಇನ್ನೂ ನೋಯುತ್ತಿದೆ ಅಂದ.

ಜ್ವರ ಎದೆಗಿಳಿಯಿತು. ಪಾದ್ರಿ ಬಂದು ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿ ಹೋದರು. ನೆಲದ ಕೋರ್ಟಿನ ಹಿರಿಯ ತೊಕತಾಕೆ ಇನ್ನಿಬ್ಬರು ಹಿರಿಯರ ಜೊತೆ ಬಂದು ತಲೆದೆಸೆಯಲ್ಲಿ ಕೂತ. ನಬುವಾಕ ಉಬ್ಬಸದ ನಡುವೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಉತ್ತರದ ನೆಲ ಎಲ್ಲಾ ಇಯೊತೆಬಂಗೆ. ನಾನು ಮಲಗಿರೋ ಈ ಪಟ್ಟಿ, ಒಳಕಡಲಿಂದ ಹೊರಕಡಲ ತನಕ, ತೆಬೋರಂಗೆ. ನನ್ನ ನೋಡ್ಕೊಂಡಿದ್ದಕ್ಕೆ.”

ಮನೆಯಿರುವ ಪಟ್ಟಿಯನ್ನೇ ಕೊಡುತ್ತೀಯಾ ಎಂದು ತೊಕತಾಕೆ ಕೇಳಿದ. ಸಾಯುವವನಿಗೆ ಮನೆ ಯಾಕೆ ಎಂದ ಮುದುಕ. ಇಯೊತೆಬ ತಲೆ ತಗ್ಗಿಸಿ ಒಪ್ಪಿಕೊಂಡ. ಸಾಯುವವನ ಬಾಯಿ ಮುಚ್ಚಿಸಲು ಯಾರಿಗೂ ಆಗುವುದಿಲ್ಲ, ಉತ್ತರದ ನೆಲವಂತೂ ಸಿಕ್ಕಿತಲ್ಲ. ಮಣ್ಣು ಮಾಡಿದ ಮೇಲೆ ಹೆಸರು ಬರೆಸೋಣ ಎಂದು ತೊಕತಾಕೆ ಎದ್ದು ಹೋದ. ತೆಬೋರ ಮೂಲೆಯಲ್ಲಿ ಕೂತಿದ್ದಳು. ಬೇಡ ಎನ್ನಬೇಕು ಎಂದುಕೊಂಡಳು, ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಆಸೆಯಾಗಿತ್ತು. ಆ ಪಟ್ಟಿಯಲ್ಲಿ ಹಲಸಿನ ಜಾತಿಯ ಎರಡು ಜೀಗುಜ್ಜೆ ಮರ, ಕೇದಗೆಯ ಮೆಳೆ, ಮೂವತ್ತಕ್ಕೆ ಕಡಿಮೆಯಿಲ್ಲದ ತೆಂಗು. ಕಣ್ಣೆದುರಿಗೆ ಒಬ್ಬ ಮನುಷ್ಯ ಉಸಿರಿಗಾಗಿ ಒದ್ದಾಡುತ್ತಿರುವಾಗ ತಾನು ಮರ ಎಣಿಸುತ್ತಿದ್ದೇನೆ ಎಂದು ಗೊತ್ತಾಗಿ ಅವಳಿಗೆ ಮುಖ ಬೆಂದುಹೋಯಿತು. ಎದ್ದು ಹೋಗಿ ಅವನ ಎದೆಗೆ ಮತ್ತೆ ಎಣ್ಣೆ ತಿಕ್ಕತೊಡಗಿದಳು.

ಅದೇ ತಪ್ಪಾಯಿತು ಎಂದು ಇಯೊತೆಬ ಆಮೇಲೆ ಹೇಳುತ್ತಿದ್ದ. ಅವಳ ಕೈಗುಣವೋ, ಔಷಧಾಲಯದವನ ಸೂಜಿಯೋ, ಮುದುಕನ ಹಟವೋ, ನಾಲ್ಕು ದಿನ ಬಿಟ್ಟು ಬೆಳಿಗ್ಗೆ ನಬುವಾಕ ಎದ್ದು ಕೂತು, ನನ್ನ ನೀರಾ ಯಾರು ಕುಡಿದದ್ದು ಎಂದು ಕೇಳಿದ. ಹೆಣಕ್ಕೆಂದು ಹೆಣೆದಿದ್ದ ಹೊಸ ಚಾಪೆ ಮೂಲೆಯಲ್ಲಿ ಸುತ್ತಿಟ್ಟಿದ್ದನ್ನು ನೋಡಿ, ಇದು ಯಾರಿಗೆ ಅಂತ ಇನ್ನೊಂದು ಪ್ರಶ್ನೆ ಕೇಳಿದ. ಮೀರೆ ತನ್ನ ಸೊಳ್ಳೆಪರದೆ ಬಿಚ್ಚಿ, ದಿಂಬು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದಳು.

ಬದುಕಿದ್ದೇನೋ ಸಂತೋಷವೇ. ಆದರೆ ಮುದುಕ ಈಗ ಯಾರ ಮನೆಯಲ್ಲಿದ್ದಾನೆ? ಅದು ಅವನಿಗೂ ಗೊತ್ತಿರಲಿಲ್ಲ. ಹಿರಿಯರ ಮುಂದೆ ಕೊಟ್ಟ ಮಾತು ಕೊಟ್ಟಂತೆಯೇ, ವಾಪಸು ಕೇಳುವುದೆಂದರೆ ತಿಂದದ್ದನ್ನು ಕಕ್ಕು ಎಂದಷ್ಟು ಅಸಹ್ಯ. ಇರಲಿ ಬಿಡು, ಇದು ನಿನ್ನದು ಎಂದು ತೆಬೋರಳಿಗೆ ಹೇಳೋಣವೆಂದರೆ ತನಗೆ ತಲೆ ಇಡಲು ಜಾಗವಿಲ್ಲ. ಹಾಗಾಗಿ ಅವನು ಏನೂ ಹೇಳಲಿಲ್ಲ. ಮರ ಹತ್ತಲು ಹೋಗಿ ಬುಡದಲ್ಲಿ ನಿಂತು, ಮೇಲೆ ನೋಡಿ, ವಾಪಸು ಬರುತ್ತಿದ್ದ. ತನ್ನದೇ ಕಟ್ಟೆಯ ಮೇಲೆ ನೆಂಟರ ಮನೆಗೆ ಬಂದವನ ಹಾಗೆ ಅಂಚಿನಲ್ಲಿ ಕೂರುತ್ತಿದ್ದ. ಅತ್ತ ತೆಬೋರಳೂ ಆ ಪಟ್ಟಿಯ ಒಂದು ಕಾಯಿ ಮುಟ್ಟಲಿಲ್ಲ. ಬಿದ್ದ ಕಾಯಿಗಳು ಬಿದ್ದಲ್ಲೇ ಮೊಳಕೆಯೊಡೆದವು. ಜೀಗುಜ್ಜೆ ಹಣ್ಣಾಗಿ ಉದುರಿ ಕೊಳೆಯಿತು, ಹಂದಿಗಳಿಗೆ ಹಬ್ಬವಾಯಿತು. ದಾರಿಯಲ್ಲಿ ಹೋಗುವವರು ಆ ವಾಸನೆಗೆ ಮೂಗು ಮುಚ್ಚಿ, ಕೋರ್ಟಿಗೆ ಹೋಗುವುದೇ ವಾಸಿ ಎಂದು ಹೇಳಿಕೊಂಡು ಹೋಗುತ್ತಿದ್ದರು.

ತೆಬೋರಳಿಗೆ ಎರಡು ಕಡೆಯಿಂದಲೂ ಸಂಕಟ. ಸಾರು ತೆಗೆದುಕೊಂಡು ಹೋದರೆ, ನೆಲ ಕೈಬಿಟ್ಟೀತೆಂದು ಓಡಾಡುತ್ತಾಳೆ ಅನ್ನುವರು. ಹೋಗದಿದ್ದರೆ, ನೆಲ ಸಿಕ್ಕಿತು, ಇನ್ನು ಮುದುಕ ಯಾಕೆ ಅನ್ನುವರು. ಅವಳು ಹೋದಳು. ಆದರೆ ಮೊದಲಿನ ಸುಖ ಇರಲಿಲ್ಲ. ನಬುವಾಕ ಬೈಯುವುದನ್ನು ಬಿಟ್ಟಿದ್ದ. ಉಪ್ಪು ಸರಿಯಾಗಿದೆ ಎಂದು ಹೇಳುತ್ತಿದ್ದ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಇಯೊತೆಬ ಕೋರ್ಟಿಗೆ ಹೋದ. ಅವನ ವಾದ ಸರಳ: ಆರೈಕೆಯ ನೆಲ ಕೊಡುವುದು ಕಡೆಗಾಲದ ಆರೈಕೆಗೆ. ಕಾಲ ಕಡೆಯಾಗಿಲ್ಲ. ಆದ್ದರಿಂದ ಕೊಟ್ಟದ್ದು ಇನ್ನೂ ಕೊಟ್ಟಂತಲ್ಲ. ಹೆಸರೂ ಬರೆಸಿಲ್ಲ. ಇನ್ನು ಮುಂದೆ ದೊಡ್ಡಪ್ಪನನ್ನು ತಾವೇ ನೋಡಿಕೊಳ್ಳುತ್ತೇವೆ, ಹೊರಗಿನವರಿಗೆ ತೊಂದರೆ ಬೇಡ.

ವಿಚಾರಣೆಯ ಹಿಂದಿನ ಸಂಜೆ ನಾದಿನಿ ತೆಬೋರಳನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳಿದಳು. ಬಾಯಿ ಬಿಟ್ಟು ನಿನ್ನದು ಅನ್ನು, ಅಷ್ಟು ಸಾಕು, ಹಿರಿಯರಿಗೆ ನಿನ್ನ ಮೇಲೆ ಕನಿಕರವಿದೆ ಅಂದಳು. ಕನಿಕರಕ್ಕೆ ಸಿಕ್ಕಿದ್ದು ನನ್ನದು ಹೇಗಾಗುತ್ತದೆ ಎಂದು ತೆಬೋರ ಕೇಳಿದಳು. ಅವಳು ಮನಸ್ಸು ಮಾಡಿಯಾಗಿತ್ತು. ನೆಲ ಬಿಟ್ಟುಕೊಟ್ಟರೆ ಮುದುಕ ತನ್ನ ಕಟ್ಟೆಯ ಮೇಲೆ ನಡುಮಧ್ಯೆ ಕೂರುತ್ತಾನೆ, ಮತ್ತೆ ಬೈಯುತ್ತಾನೆ. ತಾನು ಇಷ್ಟು ವರ್ಷ ಹೇಗಿದ್ದಳೋ ಹಾಗೆಯೇ ಇರುವುದು. ಹೊಸದಾಗಿ ಕಳೆದುಕೊಳ್ಳುವುದು ಏನಿದೆ ಎಂದುಕೊಂಡಳು. ಹಾಗೆ ಅಂದುಕೊಂಡರೂ ಅಳು ಬಂತು, ಒರೆಸಿಕೊಂಡಳು.

ಕೋರ್ಟಿನ ಕಟ್ಟಡ ತಗಡಿನದು, ಕುದಿಯುತ್ತಿತ್ತು, ಮತ್ತು ಜನ ಹಿಡಿಸುವಂತಿರಲಿಲ್ಲ. ಆದ್ದರಿಂದ ಚಾವಡಿಯಲ್ಲೇ ಕೂತರು. ಅವರವರ ಮನೆತನದ ಜಾಗದಲ್ಲಿ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತರು, ತೆಬೋರ ಗಂಡನ ಸಾಲಿನ ಕೊನೆಗೆ. ನಬುವಾಕ ತನ್ನ ಕಂಬಕ್ಕೆ ಒರಗಿ ಹೊಗೆಸೊಪ್ಪು ಸುತ್ತುತ್ತಿದ್ದ. ಒಳ್ಳೆಯ ಅಂಗಿ ಹಾಕಿಕೊಂಡಿದ್ದ, ಇಷ್ಟು ಜನರ ಮುಂದೆ ಹಾಕಿಕೊಂಡದ್ದು ಅದೇ ಮೊದಲು.

ಇಯೊತೆಬ ಎದ್ದು ಚೆನ್ನಾಗಿಯೇ ಮಾತಾಡಿದ. “ಆರೈಕೆ ಅಂದ್ರೆ ಮಣ್ಣು ಮಾಡೋ ತನಕ. ನಮ್ಮ ದೊಡ್ಡಪ್ಪನ್ನ ನೋಡಿ. ಕೂತಿದಾರೆ, ಹೊಗೆ ಬಿಡ್ತಿದಾರೆ” ಅಂದ. ಜನ ನಕ್ಕರು. ನಬುವಾಕ ಬೇಕೆಂದೇ ದೊಡ್ಡದಾಗಿ ಹೊಗೆ ಬಿಟ್ಟ.

ನಾದಿನಿಗೆ ತಡೆಯಲಾಗಲಿಲ್ಲ. “ಹಂಗಾದ್ರೆ ಕೆಟ್ಟದಾಗಿ ನೋಡ್ಕೊಂಡು ಸಾಯಿಸಿದ್ರೆ ನೆಲ ಸಿಕ್ತಿತ್ತು. ಚೆನ್ನಾಗಿ ನೋಡ್ಕೊಂಡು ಬದುಕಿಸಿದ್ದಕ್ಕೆ ಹೋಯ್ತಾ?” ಅಂದಳು.

ಈ ಮಾತಿಗೆ ಚಾವಡಿಯೆಲ್ಲ ಗುಸುಗುಸು ಎದ್ದಿತು. ಬಲಗಡೆಯವರು ಹೌದಲ್ಲ ಎಂದರು, ಎಡಗಡೆಯವರು ಕಾನೂನು ಹಾಗೆ ಹೇಳುವುದಿಲ್ಲ ಎಂದರು. ಪುಸ್ತಕದಲ್ಲಿ ಏನಿದೆ ಎಂದು ಯಾರೋ ಕೇಳಿದರು. ಆರೈಕೆ ಮಾಡಿದವರಿಗೆ ಕೊಡಬಹುದು ಎಂದಿದೆ, ಆರೈಕೆ ಪಡೆದವನು ಆಮೇಲೆ ಏನು ಮಾಡಬೇಕು ಎಂದು ಬರೆದಿಲ್ಲ ಎಂದು ತೊಕತಾಕೆ ಉತ್ತರ ಕೊಟ್ಟ. ಬರೆದವರಿಗೆ ಇಂಥ ಮುದುಕ ಸಿಕ್ಕಿರಲಿಕ್ಕಿಲ್ಲ ಎಂದೂ ಸೇರಿಸಿದ. ಆಮೇಲೆ ತೆಬೋರಳ ಕಡೆ ತಿರುಗಿ, ನೀನೇನು ಹೇಳುತ್ತೀಯ ಎಂದ.

ಚಾವಡಿಯಲ್ಲಿ ಅವಳು ಅದುವರೆಗೆ ಹಾಡಿದ್ದಳು, ಮಾತಾಡಿರಲಿಲ್ಲ. ತಲೆ ಎತ್ತದೆ ಹೇಳಿದಳು: “ಅಜ್ಜ ಬದುಕಿದಾನೆ. ಅವನ ಮನೆ ಅವನಿಗಿರಲಿ. ನಾನು ಸಾರು ಕೊಟ್ಟಿದ್ದು ನೆಲಕ್ಕಲ್ಲ. ನಂಗೇನೂ ಬೇಡ.”

ಒಳ್ಳೆಯ ಮಾತು ಎಂದು ಇಯೊತೆಬನ ಕಡೆಯವರು ತಲೆದೂಗಿದರು. ಮೀರೆಯ ಮುಖ ಅರಳಿತು. ತೊಕತಾಕೆ ನಬುವಾಕನನ್ನು ಕೇಳಿದ, ನೆಲ ನಿನ್ನದೋ ಅವಳದೋ, ನೀನೇ ಹೇಳಿಬಿಡು, ಮನೆಗೆ ಹೋಗೋಣ. ನಬುವಾಕ ಸೇದುತ್ತಿದ್ದುದನ್ನು ನೆಲಕ್ಕೆ ಒತ್ತಿ ಆರಿಸಿದ. ಅವನಿಗೆ ಹೇಳಲು ಸುಲಭವಾದ ಮಾತು ಒಂದಿತ್ತು: ನನ್ನದು. ಅವಳೇ ಬೇಡ ಎಂದಿದ್ದಳು, ಅವನ ಮಾನಕ್ಕೂ ಕುಂದಿರಲಿಲ್ಲ. ಇಯೊತೆಬ ಅದನ್ನೇ ಕಾಯುತ್ತಿದ್ದ.

ಮುದುಕ ಕಂಬ ಬಿಟ್ಟು ಮುಂದೆ ಸರಿದ. ಚಾವಡಿಯ ನಡುವೆ ಹಿರಿಯರೆದುರು ಎದ್ದು ನಡೆಯಬಾರದು, ಹಾಗಾಗಿ ಕೂತಲ್ಲಿಂದಲೇ ಕೈಯೂರಿ, ಊದಿದ ಕಾಲನ್ನು ಎಳೆದುಕೊಂಡು, ಕುಂಡಿಯ ಮೇಲೆ ತೆವಳುತ್ತಾ ಹೊರಟ. ಇಯೊತೆಬನನ್ನು ದಾಟಿದ, ಮೀರೆಯನ್ನು ದಾಟಿದ, ನಾದಿನಿಯನ್ನು ದಾಟಿದ. ಸಾಲಿನ ಕೊನೆಗೆ ಬಂದು ತೆಬೋರಳ ಮುಂದೆ ನಿಂತುಕೊಂಡ, ಅಂದರೆ ಕೂತುಕೊಂಡ. ಉಬ್ಬಸ ಬಂದಿತ್ತು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಗಂಟಲು ಸರಿಮಾಡಿಕೊಂಡ. ಆ ಸದ್ದು ಎಂಥದೆಂದು ಅಲ್ಲಿದ್ದವರಿಗೆಲ್ಲ ಗೊತ್ತು, ಆದರೆ ಆ ಗಂಟಲಿನಿಂದ ಅದನ್ನು ಕೇಳಿದವರು ಯಾರೂ ಇರಲಿಲ್ಲ.

“ತೆಬೋರ,” ಅಂದ ನಬುವಾಕ, “ನಿನ್ ಹತ್ರ ಒಂದು ಬುಬುಸಿ ಇದೆ.”

ಅವಳು ತಲೆ ಎತ್ತಿದಳು.

“ನಿನ್ನ ಮನೇಲಿ ನಾನು ಸಾಯೋ ತನಕ ಇರ್ಬೇಕು. ನೀರಾ ಇಳಿಸೋಕೆ ನಿಂದೊಂದು ಮರ ಬೇಕು. ಕೊಡ್ತೀಯ?”

ತೆಬೋರಳಿಗೆ ಕಣ್ಣು ಮಂಜಾಯಿತು. ಇಷ್ಟು ವರ್ಷ ಕಾದ ಮಾತು ಬಂದಿತ್ತು, ಅದೂ ಬೆಂಕಿಕಡ್ಡಿ ಕೇಳದ ಬಾಯಿಂದ, ಊರೆಲ್ಲ ಕೇಳುವ ಹಾಗೆ. ಅವಳು ಹಿಂದೆ ಮನಸ್ಸಿನಲ್ಲಿ ಎಷ್ಟೋ ಸಲ ಇಂಥ ಗಳಿಗೆಯನ್ನು ಊಹಿಸಿಕೊಂಡಿದ್ದಳು. ಊಹೆಯಲ್ಲಿ ಅವಳು ಗಂಭೀರವಾಗಿ, ಸ್ವಲ್ಪ ತಡೆದು, ಇದ್ದವರು ಕೊಡುವ ಹಾಗೆ ಕೊಡುತ್ತಿದ್ದಳು. ಈಗ ಗಂಭೀರವಾಗಿರಲು ಆಗಲಿಲ್ಲ. ಅಳು ನಗು ಎರಡೂ ಒಟ್ಟಿಗೇ ಬಂದು ಮೂಗು ಸೋರಿತು.

“ಎರಡು ಮರ ತಗೋ ಅಜ್ಜ,” ಅಂದಳು.

ಇಯೊತೆಬ ಎದ್ದು ನಿಂತ. ಇದು ಕೋರ್ಟು, ಇಲ್ಲಿ ಬುಬುಸಿ ಎಲ್ಲಿಂದ ಬಂತು, ಇದು ಯಾವ ಕಾನೂನು ಎಂದು ಕೇಳಿದ. ತೊಕತಾಕೆ ಅವನನ್ನು ಕೈಸನ್ನೆ ಮಾಡಿ ಕೂರಿಸಿದ. “ನಿಮ್ಮ ದೊಡ್ಡಪ್ಪ ಕೇಳಿದ. ಅವಳು ಕೊಟ್ಟಳು. ತನ್ನದಲ್ಲದ್ದನ್ನ ಕೊಟ್ಟಳು ಅಂತೀಯಾ? ಹಂಗಿದ್ರೆ ನಿಮ್ಮ ದೊಡ್ಡಪ್ಪನಿಗೆ ಹೋಗಿ ಹೇಳು, ಯಾರನ್ನ ಕೇಳ್ಬೇಕು ಅಂತ ಗೊತ್ತಿಲ್ದೆ ಕೇಳಿದ ಅಂತ.”

ಇಯೊತೆಬ ದೊಡ್ಡಪ್ಪನ ಕಡೆ ನೋಡಿದ. ದೊಡ್ಡಪ್ಪ ವಾಪಸು ಹೋಗುವ ಯೋಚನೆ ಬಿಟ್ಟು ತೆಬೋರಳ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದ, ಕಾಲು ಉಜ್ಜು ಎಂದು ಅವಳಿಗೆ ಬೈಯುತ್ತಿದ್ದ. ಹಿರಿಯರು ಮೂವರೂ ತಲೆ ಸೇರಿಸಿ ಮಾತಾಡಿಕೊಂಡರು, ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಟ್ಟಿ ತೆಬೋರಳದು, ಮನೆಯಲ್ಲಿರುವ ಹಕ್ಕು ನಬುವಾಕನದು ಎಂದು ಬರೆಸಿದರು. ಇಯೊತೆಬ ಹೆಬ್ಬೆಟ್ಟು ಒತ್ತಿದ. ಅವನೂ ಮನುಷ್ಯನೇ. ದೊಡ್ಡಪ್ಪ ಒಬ್ಬರ ಮುಂದೆ ತೆವಳಿಕೊಂಡು ಹೋಗಿ ಕೇಳಿದ್ದನ್ನು ಕಂಡ ಮೇಲೆ ಜಗಳಕ್ಕೆ ಅವನಿಗೂ ಮನಸ್ಸು ಬರಲಿಲ್ಲ.

ತೆಬೋರ ಗುಡಿಸಿಲನ್ನು ಬಿಚ್ಚಿ ತಂದು ತನ್ನ ಪಟ್ಟಿಯ ಒಳಕಡಲ ತುದಿಯಲ್ಲಿ ಮತ್ತೆ ಕಟ್ಟಿಸಿದಳು. ಕಟ್ಟಿ ಮುಗಿಯುವ ಮೊದಲೇ ಜನ ಬರತೊಡಗಿದರು. ಮೊದಲು ನಾದಿನಿ ಬಂದು ಜೀಗುಜ್ಜೆ ಕೇಳಿ, ಬುಟ್ಟಿ ತುಂಬಿಸಿಕೊಂಡು ಹೋದಳು. ಆಮೇಲೆ ಪಾದ್ರಿಯ ಮನೆಗೆ ಸೂರು ಹೊದಿಸಲು ಗರಿ. ಆಮೇಲೆ ತೊಕತಾಕೆಯ ಮೊಮ್ಮಗಳ ಮದುವೆಗೆ ಕಾಯಿ. ಯಾರೂ ಚೌಕಾಸಿ ಮಾಡಲಿಲ್ಲ, ಯಾರೂ ನಾಚಿಕೊಳ್ಳಲಿಲ್ಲ. ಮೀರೆ ಬಂದಳು, ಎಳನೀರು ಕುಡಿದಳು, ಮಳೆಯ ಮಾತಾಡಿದಳು, ಕೇದಗೆಯ ಗರಿಗೆ ಬುಬುಸಿ ಇಟ್ಟಳು, ಮತ್ತು ಗಂಡನನ್ನೂ ಇಬ್ಬರು ಮೈದುನರನ್ನೂ ಕರೆತಂದು ಮೆಳೆಯನ್ನು ಬೋಳು ಮಾಡಿಕೊಂಡು ಹೋದಳು. ಸೋತದ್ದನ್ನು ವಸೂಲು ಮಾಡಿಕೊಂಡಳೆಂದು ನಾದಿನಿ ಹೇಳಿದಳು. ತೆಬೋರ ಮೊದಲ ಸಲ ಹಲ್ಲು ಕಡಿದಳು. ಅದರ ರುಚಿ ಚೆನ್ನಾಗಿತ್ತು.

ಎಲ್ಲರಿಗಿಂತ ಹೆಚ್ಚು ಕಾಟ ನಬುವಾಕನದು. ಕೇಳುವುದರಲ್ಲಿ ಇಷ್ಟು ಸುಖವಿದೆ ಎಂದು ಅವನಿಗೆ ಈ ವಯಸ್ಸಿನಲ್ಲಿ ಗೊತ್ತಾಗಿತ್ತು. ಬೆಳಿಗ್ಗೆ ಚಹಾಕ್ಕೆ ಬುಬುಸಿ, ಮಧ್ಯಾಹ್ನ ಹೊಗೆಸೊಪ್ಪಿಗೆ ಬುಬುಸಿ, ಇನ್ನೊಂದು ಮರಕ್ಕೆ ಬುಬುಸಿ. ನೀರಾ ಇಳಿಸುವಾಗ ಮರದ ಮೇಲಿಂದ ಹಾಡುತ್ತಿದ್ದ, ಹಾಡಿನ ನಡುವೆ ಸಾರಿನ ಉಪ್ಪಿನ ಬಗ್ಗೆ ಕೂಗಿ ಹೇಳುತ್ತಿದ್ದ. ಅವಳೂ ಕೆಳಗಿನಿಂದ ಉತ್ತರ ಕೊಡುತ್ತಿದ್ದಳು. ಇಬ್ಬರೂ ಸುಖವಾಗಿದ್ದರು.

ಕ್ರಿಸ್ಮಸ್ ಹತ್ತಿರ ಬರುವ ಹೊತ್ತಿಗೆ ಅವಳ ಪಟ್ಟಿಯಲ್ಲಿ ಗಾಳಿಗೆ ಅಲ್ಲಾಡಲು ಗರಿ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಹಬ್ಬಕ್ಕೆ ಚಾವಡಿಗೆ ಎಲ್ಲರೂ ಊಟ ಒಯ್ಯಬೇಕು. ಈ ಸಲ ಅವಳೂ ತನ್ನ ಹೆಸರಿನಲ್ಲಿ ಒಯ್ಯಬೇಕು, ಮತ್ತು ಅವಳ ಹತ್ತಿರ ಏನೂ ಇರಲಿಲ್ಲ. ಒಂದು ದಿನ ಬೆಳಿಗ್ಗೆ ತಲೆ ಬಾಚಿ ಹೂ ಮುಡಿದು, ದ್ವೀಪದ ಆಚೆ ತುದಿಗೆ ನಡೆದು ಹೋದಳು. ಇಯೊತೆಬನ ಮನೆಯ ಕಟ್ಟೆಯ ಮೇಲೆ ಕೂತಳು. ಮೀರೆ ಎಳನೀರು ಕೊಟ್ಟಳು. ತೆಬೋರ ನಿಧಾನವಾಗಿ ಕುಡಿದಳು, ಮೀನಿನ ಮಾತಾಡಿದಳು, ಗಾಳಿಯ ಮಾತಾಡಿದಳು. ಅಂಗಳದಲ್ಲಿ ಕಟ್ಟಿದ್ದ ಕಪ್ಪು ಮರಿಹಂದಿ ಚೆನ್ನಾಗಿ ಮೈತುಂಬಿಕೊಂಡಿತ್ತು. ತೆಬೋರ ಗಂಟಲು ಸರಿಮಾಡಿಕೊಂಡಾಗ ಮೀರೆ ಕಣ್ಣು ಮುಚ್ಚಿದಳು.

“ಕೇಳು ಅಕ್ಕ, ಕೇಳಿಬಿಡು” ಅಂದಳು.

ತೆಬೋರ ಕೇಳಿದಳು. ಕೊಡುವುದಿಲ್ಲ ಎನ್ನುವ ಹಕ್ಕು ಮೀರೆಗೆ ಎಲ್ಲಿತ್ತು? ಇಯೊತೆಬ ಹಂದಿಯ ಹಗ್ಗ ಬಿಚ್ಚಿ ಅದರ ಕಾಲು ಕಟ್ಟಿ ಅವಳ ಹೆಗಲಿಗೇರಿಸಿದ. ಕಿವಿ ಕಿತ್ತುಹೋಗುವಂತೆ ಅದು ಕಿರುಚಿತು. ತೆಬೋರ ಬೀದಿಗಿಳಿದಾಗ ಮೀರೆ ಹಿಂದಿನಿಂದ ಕೂಗಿ ಹೇಳಿದಳು:

“ಹಬ್ಬ ಮುಗಿದ ಮೇಲೆ ನಾನು ನಿಮ್ಮನೆಗೆ ಬರ್ತೀನಿ, ನೆನಪಿರ್ಲಿ.”

“ನಮ್ಮನೆಗೆ ತಾನೆ? ಬಾ” ಅಂದಳು ತೆಬೋರ.